ಸಕ್ರಿ ಏರ್ಯಾದ, ಏರಿಸ್ಕೊಂಡಿಲ್ಲ

ಎಳ್ಳ ಅಮಾವಾಸ್ಯೆಯ ದಿನ. ಸುರಪುರದ ಹತ್ತಿರದ ಹೊಲದಲ್ಲಿ ಚರಗ ಚೆಲ್ಲಿ ಬಂದು, ಬನ್ನಿ ಗಿಡದ ಕೆಳಗೆ ಎಲ್ಲರೂ ಊಟಕ್ಕೆ ಕೂತಿದ್ದೆವು. ಸಜ್ಜಿ ರೊಟ್ಟಿ, ಭಜ್ಜಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ನನ್ನ ಸೋದರತ್ತೆಯ ಗಂಗಾಳದ ಮೇಲೆ ಅವಳ ಕಣ್ಣಿಗಿಂತ ಉಳಿದವರ ಕಣ್ಣೇ ಹೆಚ್ಚು ಬಿದ್ದಿತ್ತು. ‘ಅರ್ಧಾ ಹೋಳಿಗಿ ಸಾಕವ್ವ’ ಅಂದ ಹಿರಿಯ ಮಗ. ‘ಸಜ್ಜಿ ರೊಟ್ಟಿ ನಡೀತದ ಬಿಡ್ರಿ’ ಅಂದಳು ಸೊಸೆ. ಬಂದ ಬೀಗರೊಬ್ಬರು ‘ಮೊನ್ನೆ ಎಷ್ಟಿತ್ತು?’ ಅಂತ ಕೇಳಿದರು. ಕೊನೆಗೆ ಮೊಮ್ಮಗ, ಆರು ವರ್ಷದವನು, ‘ಆಯಿ ಡಬ್ಬ್ಯಾಗಿನ ಬೆಲ್ಲ ಕದ್ದು ತಿಂದಿದ್ಳು’ ಅಂದ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಹೋಳಿಗೆಯನ್ನು ಮಾತ್ರ ಮುಟ್ಟಲಿಲ್ಲ.

ಸಂಜೆ ಟ್ರ್ಯಾಕ್ಟರಿನಲ್ಲಿ ಊರಿಗೆ ಮರಳುವಾಗ ನನಗೊಬ್ಬನಿಗೇ ಕೇಳುವಂತೆ ಹೇಳಿದಳು: ‘ಬ್ಯಾನಿಗೇನ್ ಬ್ಯಾಸತ್ತಿಲ್ಲ ತಮ್ಮಾ. ಬ್ಯಾನಿ ನೋಡ್ಕೊಳ್ಲಾಕ ಸಾಕಾಗ್ಯಾದ.’

ಆ ಹೊತ್ತಿಗೆ ಅವಳು ಸಕ್ಕರೆ ಕಾಯಿಲೆಯ ರಾತ್ರಿಯ ಗುಳಿಗೆ ಬಿಟ್ಟು ಒಂದು ತಿಂಗಳಾಗಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಿನಕ್ಕೊಂದು ಗುಳಿಗೆ ತುಳಸಿ ಕಟ್ಟೆಯ ಮಣ್ಣಿನೊಳಗೆ ಹೋಗುತ್ತಿತ್ತು.

ಅತ್ತೆ ಹೇಳಿದ ಆ ಎರಡು ವಾಕ್ಯಗಳ ನಡುವಿನ ಅಂತರವನ್ನು ವೈದ್ಯಶಾಸ್ತ್ರ ಹೆಸರಿಟ್ಟು ಗುರುತಿಸಲು ಬಹಳ ಕಾಲ ತೆಗೆದುಕೊಂಡಿತು. ಇನ್ಸುಲಿನ್ ಸಿಕ್ಕಿದ್ದು 1921ರಲ್ಲಿ, ಟೊರಾಂಟೊದಲ್ಲಿ. ಮರುವರ್ಷದ ಜನವರಿಯಲ್ಲಿ ಮೊದಲ ರೋಗಿಗೆ ಚುಚ್ಚಿದರು. ಸಾಯುತ್ತಿದ್ದವರು ಬದುಕತೊಡಗಿದರು. ಬದುಕಿದವರು ಈ ಕಾಯಿಲೆಯನ್ನು ಮೂವತ್ತು, ನಲವತ್ತು ವರ್ಷ ದಿನಾಲೂ ಹೊತ್ತು ನಡೆದರೆ ಮನಸ್ಸಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅಳತೆಗೋಲು ಬಂದದ್ದು 1995ರಲ್ಲಿ. ಅಮೆರಿಕದ ಬಾಸ್ಟನ್ ನಗರದ ಜಾಸ್ಲಿನ್ ಮಧುಮೇಹ ಕೇಂದ್ರದಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್ಸ್ಕಿ ಮತ್ತು ಸಂಗಡಿಗರು ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಕಾಯಿಲೆಯ ಬಗ್ಗೆ ಯೋಚಿಸಿದರೆ ಹೆದರಿಕೆ ಆಗುತ್ತದೆಯೇ, ಊಟದ ವಿಷಯದಲ್ಲಿ ಸದಾ ಏನನ್ನೋ ಕಳೆದುಕೊಂಡಂತೆ ಅನ್ನಿಸುತ್ತದೆಯೇ, ಮನೆಯವರು ನಿಮ್ಮ ಪಾಡನ್ನು ಅರಿತಿಲ್ಲ ಎನ್ನಿಸುತ್ತದೆಯೇ ಎಂಬಂಥ ಪ್ರಶ್ನೆಗಳು. ನೂರಕ್ಕೆ ನಲವತ್ತು ದಾಟಿದರೆ ಆ ಮನುಷ್ಯ ಗಂಭೀರವಾಗಿ ಬಳಲಿದ್ದಾನೆ ಎಂದು ಲೆಕ್ಕ. ಇದನ್ನು ಅವರು ‘ಡಯಾಬಿಟಿಸ್ ಡಿಸ್ಟ್ರೆಸ್’ ಎಂದು ಕರೆದರು. ಅದು ಬಲಿತು, ಮನುಷ್ಯ ಕೈಚೆಲ್ಲಿ ಕೂತ ಸ್ಥಿತಿಗೆ ‘ಬರ್ನ್‌ಔಟ್’ ಎಂಬ ಹೆಸರು. ನಮ್ಮ ಕಡೆ ಅದಕ್ಕೆ ‘ಸಾಕಾಗ್ಯಾದ’ ಅಂದರೆ ಮುಗಿಯಿತು.

ಇದನ್ನು ಖಿನ್ನತೆಯೊಂದಿಗೆ ಕಲಸಬಾರದು. ಖಿನ್ನತೆ ಬಂದವರಿಗೆ ಬೆಳೆ, ಮಕ್ಕಳು, ಹಬ್ಬ, ಯಾವುದೂ ಬೇಡವಾಗುತ್ತದೆ. ಅತ್ತೆ ಅಂಥವಳಲ್ಲ. ಅವಳಿಗೆ ಧಾರಾವಾಹಿ ಬೇಕು, ತಿಂಥಣಿ ಜಾತ್ರೆ ಬೇಕು, ಹತ್ತಿ ಬಿಡಿಸುವ ಕಾಲಕ್ಕೆ ಹೊಲದ ಬದುವಿನಲ್ಲಿ ನಿಂತು ಆಳುಗಳ ಜೊತೆ ಮಾತಾಡುವುದು ಬೇಕು. ಬೇಡವಾದದ್ದು ಒಂದೇ, ಆ ಗುಳಿಗೆ ಡಬ್ಬಿ. 2013ರಲ್ಲಿ ಪ್ರಕಟವಾದ, ಭಾರತವೂ ಸೇರಿ 17 ದೇಶಗಳಲ್ಲಿ ನಡೆದ ‘ಡಾನ್-2’ ಅಧ್ಯಯನದಲ್ಲಿ ಮಧುಮೇಹ ಇದ್ದ ನೂರು ಜನರಲ್ಲಿ ಸುಮಾರು 14 ಮಂದಿಗೆ ಖಿನ್ನತೆಯ ಲಕ್ಷಣ ಕಂಡರೆ, ಈ ಬಳಲಿಕೆ ಕಂಡದ್ದು ಸುಮಾರು 45 ಮಂದಿಗೆ. ಹೆಚ್ಚುಕಡಿಮೆ ಅರ್ಧ ಜನ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿದಂತೆ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10 ಕೋಟಿ. ಗುಣಾಕಾರವನ್ನು ಓದುಗರೇ ಮಾಡಿಕೊಳ್ಳಲಿ.

ಇನ್ನೊಂದು ಲೆಕ್ಕ ನನಗೆ ಹೆಚ್ಚು ಮುಖ್ಯ ಎನ್ನಿಸುತ್ತದೆ. ವರ್ಷಕ್ಕೆ 8,760 ಗಂಟೆ. ತಿಂಗಳಿಗೊಮ್ಮೆ ತಪ್ಪದೆ ದವಾಖಾನೆಗೆ ಹೋಗಿ ಹತ್ತು ನಿಮಿಷ ಡಾಕ್ಟರ ಎದುರು ಕೂತರೂ ವರ್ಷಕ್ಕೆ ಎರಡು ತಾಸು. ಉಳಿದ 8,758 ತಾಸು ಡಾಕ್ಟರೂ ನಾವೇ, ನರ್ಸೂ ನಾವೇ, ಪಥ್ಯ ಹೇಳುವವರೂ ನಾವೇ, ಅದನ್ನು ಮುರಿದು ಬೈಸಿಕೊಳ್ಳುವವರೂ ನಾವೇ.

ಬೈಸಿಕೊಳ್ಳುವ ವಿಷಯಕ್ಕೆ ಬಂದರೆ, ನಮ್ಮ ಕನ್ನಡದ ಒಂದು ಸಣ್ಣ ಚಾಳಿಯನ್ನು ಗಮನಿಸಬೇಕು. ಜ್ವರ ‘ಬರುತ್ತದೆ’. ನೆಗಡಿ ‘ಆಗುತ್ತದೆ’. ಕಾಮಣಿಯೂ ಬರುತ್ತದೆ, ಬಂದು ಹೋಗುತ್ತದೆ. ಸಕ್ಕರೆ ಮಾತ್ರ ತಾನಾಗಿ ಏರುವುದಿಲ್ಲ, ಅದನ್ನು ನಾವು ‘ಏರಿಸಿಕೊಳ್ಳುತ್ತೇವೆ’. ‘ಮತ್ತ ಶುಗರ್ ಏರಿಸ್ಕೊಂಡ್ ಬಂದೀರಿ?’ ಎಂಬ ಮಾತನ್ನು ಯಾದಗಿರಿ, ಶಹಾಪುರ, ಸುರಪುರದ ಯಾವ ದವಾಖಾನೆಯ ಬಾಗಿಲಲ್ಲಿ ನಿಂತರೂ ಕೇಳಬಹುದು. ಮನೆಗಳಲ್ಲಿ ಇನ್ನೂ ಹೆಚ್ಚು. ಬಿದ್ದು ಕೈ ‘ಮುರಿದುಕೊಂಡ’ ಎನ್ನುವಾಗಲೂ ಆ ‘ಕೊಂಡ’ ಇರುತ್ತದೆ ನಿಜ, ಆದರೆ ಅಲ್ಲಿ ಮರುಕ ಇದೆ. ‘ಏರಿಸಿಕೊಂಡ’ದಲ್ಲಿ ಇರುವುದು ಆರೋಪ. ಒಂದೇ ಕ್ರಿಯಾಪದದಲ್ಲಿ ತನಿಖೆ, ವಿಚಾರಣೆ, ತೀರ್ಪು ಮೂರೂ ಮುಗಿದಿರುತ್ತವೆ.

ಈ ತೀರ್ಪು ಎಷ್ಟೋ ಸಲ ತಪ್ಪು. ರಾತ್ರಿ ಒಂದೇ ರೊಟ್ಟಿ ತಿಂದು ಮಲಗಿದವರಿಗೆ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ 180 ತೋರಿಸಿದರೆ, ಅವರು ಕದ್ದು ಏನನ್ನೋ ತಿಂದರೆಂದು ಅರ್ಥವಲ್ಲ. ನಸುಕಿನಲ್ಲಿ ದೇಹವನ್ನು ಎಬ್ಬಿಸಲು ಕೆಲವು ಹಾರ್ಮೋನುಗಳು ಏರುತ್ತವೆ, ಅವುಗಳ ಮಾತಿಗೆ ಪಿತ್ತಜನಕಾಂಗ ತನ್ನ ಉಗ್ರಾಣದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಅದನ್ನು ಹಿಡಿದು ನಿಲ್ಲಿಸುತ್ತದೆ, ಮಧುಮೇಹ ಇದ್ದವರಲ್ಲಿ ಹಿಡಿತ ತಪ್ಪುತ್ತದೆ. ಚಿಂತೆಯೂ ಹಾಗೇ. ಬ್ಯಾಂಕಿನವರು ಬಾಗಿಲಿಗೆ ಬಂದು ಹೋದ ದಿನ, ತೊಗರಿ ನೆಟೆ ಹತ್ತಿ ಒಣಗಿದ ವಾರ, ಮಗಳ ಮನೆಯಲ್ಲಿ ಜಗಳವಾದ ರಾತ್ರಿ, ಕಾರ್ಟಿಸಾಲ್ ಮತ್ತು ಅಡ್ರಿನಲಿನ್ ಏರಿ ಸಕ್ಕರೆಯನ್ನೂ ಮೇಲೆ ತಳ್ಳುತ್ತವೆ. ಜ್ವರ ಬಂದರೂ, ಹಲ್ಲಿನ ಬುಡದಲ್ಲಿ ಕೀವಾದರೂ ಅದೇ ಕಥೆ. ಅಂದರೆ ಬೈದರೆ ಸಕ್ಕರೆ ಇಳಿಯುವುದಿಲ್ಲ, ಏರುವ ಸಾಧ್ಯತೆಯೇ ಹೆಚ್ಚು.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೂ ಒಂದು ಕುಂದಿದೆ. ಪರೀಕ್ಷೆಗೆ ಮುಂಚಿನ ಮೂರು ದಿನ ಉಪವಾಸ ಬಿದ್ದು ಡಾಕ್ಟರನ್ನು ಮೆಚ್ಚಿಸುವ ನಮ್ಮ ಹಳೆಯ ಉಪಾಯವನ್ನು ಅದು ಹಿಡಿದುಬಿಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಡಿಮೆ ಜನಕ್ಕೆ ಗೊತ್ತಿರುವುದು ಇದು: ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಇದ್ದರೆ ಆ ಅಂಕಿ ಇರುವುದಕ್ಕಿಂತ ತುಸು ಹೆಚ್ಚೇ ತೋರಿಸಬಹುದು. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ನಮ್ಮ ಭಾಗದಲ್ಲಿ ಮನೆಗೊಬ್ಬರು. ಅವರು ತಮ್ಮದಲ್ಲದ ತಪ್ಪಿಗೂ ಬೈಸಿಕೊಳ್ಳುತ್ತಿರಬಹುದು. ಹಾಗೆಯೇ ‘ಮೈಯಾಗ ಕಸುವಿಲ್ಲ, ಏನೂ ಬ್ಯಾಡ ಅನಸ್ತದ’ ಎಂದವರ ಮಾತನ್ನು ನೇರ ಮನಸ್ಸಿಗೆ ಕಟ್ಟುವ ಮುಂಚೆ ಹಿಮೊಗ್ಲೋಬಿನ್, ಥೈರಾಯ್ಡ್, ಬಿ-12 ನೋಡಿಸುವುದು ಒಳ್ಳೆಯದು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದ ಕೆಲವರಲ್ಲಿ ಬಿ-12 ಇಳಿಯುತ್ತದೆ. ಸುಸ್ತು, ಕಾಲಿನ ಜೋಮು ಅದರಿಂದಲೂ ಬರುತ್ತವೆ.

ಶಹಾಪುರದ ಗುಡ್ಡಗಳು ದೂರದಿಂದ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತವೆ. ಆ ಗುಡ್ಡದ ದಿಕ್ಕಿಗೆ ಮುಖ ಮಾಡಿ ಬೆಳಗಿನ ವಾಕಿಂಗ್ ಹೋಗುವವರಲ್ಲಿ ಅರ್ಧ ಜನ ‘ಶುಗರಿನವರು’. ಅವರ ಮಾತು ಶುರುವಾಗುವುದೇ ನಂಬರಿನಿಂದ. ‘ನಂದು 140.’ ‘ನಂದು 210 ರೀ, ಏನ್ ಮಾಡಿದ್ರೂ ಇಳಿವಲ್ದು.’ ನೂರನಲವತ್ತರವರು ಒಂದು ಹೆಜ್ಜೆ ಮುಂದೆ ನಡೆಯುತ್ತಾರೆ, ಇನ್ನೂರಹತ್ತರವರು ಕೆಲವು ದಿನಗಳಲ್ಲಿ ವಾಕಿಂಗಿಗೇ ಬರುವುದಿಲ್ಲ. ‘ಏಳು, ವಾಕಿಂಗ್ ಹೋಗು’ ಎಂದು ಯಾರೂ ಹೇಳದ ಒಬ್ಬನೇ ಒಬ್ಬ ಇಡೀ ಶಹಾಪುರದಲ್ಲಿ ಆ ಬುದ್ಧ ಎಂದು ಗೆಳೆಯನೊಬ್ಬ ನಗೆಯಾಡುತ್ತಾನೆ. ಅವನ ನಂಬರು 210ರ ಆಚೆಯದು.

ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಈ ಕಾಯಿಲೆಯನ್ನು ಹೊರುವುದಕ್ಕೆ ಬೇರೆಯೇ ತೂಕವಿದೆ. ಬೆಂಗಳೂರಿನ ಪುಸ್ತಕಗಳು ಹೇಳುವ ‘ಒತ್ತಡ ಕಡಿಮೆ ಮಾಡಿ, ಹಣ್ಣು ತರಕಾರಿ ತಿನ್ನಿ’ ಎಂಬ ಸಲಹೆ ಬಸ್ ಇಳಿಯುವ ಹೊತ್ತಿಗೆ ಬಾಡಿಹೋಗಿರುತ್ತದೆ. ಊಟವನ್ನೇ ನೋಡಿ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಹರಿದು ಬಂದ ಮೇಲೆ ಸುರಪುರ, ಶಹಾಪುರದ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ರೇಷನ್ ಅಂಗಡಿಯ ಅಕ್ಕಿಯೂ ಬಂತು. ಜೋಳದ ರೊಟ್ಟಿ ಬಡಿಯಲು ಹೊತ್ತು ಬೇಕು, ಕಟ್ಟಿಗೆ ಅಥವಾ ಗ್ಯಾಸು ಬೇಕು, ರಟ್ಟೆ ಬೇಕು. ಅನ್ನಕ್ಕೆ ಕುಕ್ಕರಿನ ಮೂರು ಸೀಟಿ ಸಾಕು. ಕೂಲಿ ಮಾಡಿ ಬಂದ ಹೆಣ್ಣುಮಗಳಿಗೆ ‘ಅನ್ನ ಬಿಡವ್ವ, ರೊಟ್ಟಿ ತಿನ್ನು’ ಎಂದು ಹೇಳುವವರು ಆ ರೊಟ್ಟಿ ಬಡಿಯುವವರು ಯಾರು ಎಂದು ಕೇಳುವುದಿಲ್ಲ. ಇದರ ಮೇಲೆ, ಜೋಳ ಎಷ್ಟು ತಿಂದರೂ ನಡೆಯುತ್ತದೆ ಎಂಬ ನಂಬಿಕೆ ಬೇರೆ. ಹಾಗಿಲ್ಲ. ರೊಟ್ಟಿಯೂ ಸಕ್ಕರೆಯಾಗುತ್ತದೆ, ನಾಲ್ಕು ತಿಂದರೆ ನಾಲ್ಕರಷ್ಟು. ಕಟ್ಟುನಿಟ್ಟಾಗಿ ಅನ್ನ ಬಿಟ್ಟು, ಹೊಟ್ಟೆ ತುಂಬ ರೊಟ್ಟಿ ತಿಂದು, ಆದರೂ ನಂಬರು ಇಳಿಯದೆ ‘ಏನು ಮಾಡಿದರೂ ಅಷ್ಟೇ’ ಎಂದು ಕೈಬಿಟ್ಟವರನ್ನು ನಾನು ಬಲ್ಲೆ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ತೆರೆದ ಇನ್ಸುಲಿನ್ ಬಾಟಲಿಯನ್ನು 25ರಿಂದ 30 ಡಿಗ್ರಿಯೊಳಗೆ ಇಟ್ಟರೆ ಸುಮಾರು ನಾಲ್ಕು ವಾರ ಬಳಸಬಹುದು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ, ಕರೆಂಟು ಹೋದ ಮಧ್ಯಾಹ್ನದಲ್ಲಿ, ಟೈಪ್-1 ಮಧುಮೇಹ ಇರುವ ಮಗುವಿನ ತಾಯಿಗೆ ಆ ಸಾಲನ್ನು ಓದುವುದೇ ಒಂದು ಸಂಕಟ. ಕೀನ್ಯಾದ ದದಾಬ್ ನಿರಾಶ್ರಿತರ ಶಿಬಿರದ ತಾಪಮಾನವನ್ನು ಆಧರಿಸಿ ಜಿನೀವಾ ವಿಶ್ವವಿದ್ಯಾಲಯದ ಜೊತೆ ಸೇರಿ ‘ಗಡಿರಹಿತ ವೈದ್ಯರು’ ಸಂಸ್ಥೆ ನಡೆಸಿದ, 2021ರಲ್ಲಿ ಪ್ರಕಟವಾದ ಅಧ್ಯಯನ ಸ್ವಲ್ಪ ಧೈರ್ಯ ಕೊಡುತ್ತದೆ: ದಿನದಲ್ಲಿ 25ರಿಂದ 37 ಡಿಗ್ರಿಯ ನಡುವೆ ಏರಿಳಿದರೂ ನಾಲ್ಕು ವಾರ ಇನ್ಸುಲಿನ್ ತನ್ನ ಗುಣ ಉಳಿಸಿಕೊಂಡಿತ್ತು. ಒದ್ದೆ ಉಸುಕಿನಲ್ಲಿ ಮಣ್ಣಿನ ಗಡಿಗೆ ಇಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಾಟಲಿ ಮುಚ್ಚಿ ಅದರೊಳಗಿಡುವುದು ಅನೇಕ ಬಿಸಿಲು ನಾಡುಗಳ ಉಪಾಯ. ಕುಡಿಯುವ ನೀರಿಗೆ ನಾವು ಮಾಡುತ್ತ ಬಂದದ್ದೇ. ಆ ತಾಯಿಗೆ ಈ ಒಂದು ಮಾತನ್ನು ಯಾರಾದರೂ ಸಮಾಧಾನವಾಗಿ ಹೇಳಿದರೆ ಬೇಸಿಗೆಯ ಅರ್ಧ ಚಿಂತೆ ಇಳಿಯುತ್ತದೆ.

ಗುಳೆ ಹೋಗುವವರದು ಮತ್ತೊಂದು ಬಗೆ. ಯಾದಗಿರಿ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಗಂಟು ಮೂಟೆ ಕಟ್ಟಿ ಕೂತವರ ಚೀಲದಲ್ಲಿ ಈಗ ಗುಳಿಗೆ ಹಾಳೆಗಳೂ ಇರುತ್ತವೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆ, ಮುಂಬೈಗೆ. ಒಂದು ತಿಂಗಳ ಗುಳಿಗೆ ಮುಗಿದರೆ ಅಲ್ಲಿ ಯಾರನ್ನು ಕೇಳುವುದು, ಚೀಟಿ ಎಲ್ಲಿ, ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲುವುದು ಹೇಗೆ? 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲಿಯೇ ಕೊನೆ. ಗುಳಿಗೆಯ ಬಣ್ಣ ನೋಡಿ ಗುರುತು ಹಿಡಿಯುವವರಿಗೆ ಕಂಪನಿ ಬದಲಾಗಿ ಬಿಳಿಯದು ಗುಲಾಬಿಯಾದರೆ ಎರಡು ದಿನದ ಗೊಂದಲ. ಇವು ಚಿಲ್ಲರೆ ಸಂಗತಿಗಳಂತೆ ಕಾಣುತ್ತವೆ. ಮನುಷ್ಯ ದಣಿಯುವುದು ಇಂಥ ಚಿಲ್ಲರೆಗಳಿಂದಲೇ.

ಹಾಗಾದರೆ ಏನು ಮಾಡಬೇಕು? ಉತ್ತರದ ಒಂದು ಭಾಗ ಮಾತಿನಲ್ಲಿದೆ. ಅಮೆರಿಕದ ಮಧುಮೇಹ ಸಂಘಟನೆಗಳು 2017ರಲ್ಲಿ, ಇಂಗ್ಲೆಂಡಿನ ಆರೋಗ್ಯ ಸೇವೆ 2018ರಲ್ಲಿ, ರೋಗಿಗಳ ಜೊತೆ ಯಾವ ಪದ ಬಳಸಬೇಕು, ಯಾವುದನ್ನು ಬಿಡಬೇಕು ಎಂದು ವೈದ್ಯರಿಗೇ ಪಾಠ ಬರೆದವು. ನಮ್ಮಲ್ಲಿ ಅಷ್ಟು ದೊಡ್ಡ ಪುಸ್ತಕ ಬೇಡ. ‘ಏರಿಸ್ಕೊಂಡೀರಿ’ ಬಿಟ್ಟು ‘ಏರ್ಯಾದ’ ಅಂದರೆ ಸಾಕು. ಏರಿದ್ದಕ್ಕೆ ಕಾರಣ ಹುಡುಕಲು ಆಗ ಇಬ್ಬರೂ ಒಂದೇ ಕಡೆ ಕೂರಬಹುದು.

ಮನೆಯವರ ಕಾಳಜಿ ಕಾವಲಾಗುವುದು ಅವರಿಗೇ ತಿಳಿಯುವುದಿಲ್ಲ. ಗಂಗಾಳ ನೋಡುವುದನ್ನು ಬಿಟ್ಟು ಒಂದು ಕೆಲಸವನ್ನು ಹೊತ್ತುಕೊಂಡರೆ ಅದೇ ದೊಡ್ಡ ಉಪಕಾರ. ತಿಂಗಳ ಗುಳಿಗೆ ತರುವುದು ಮಗನ ಪಾಲಿಗೆ, ವಾರಕ್ಕೊಮ್ಮೆ ಡಬ್ಬಿ ತುಂಬುವುದು ಮೊಮ್ಮಗಳ ಪಾಲಿಗೆ, ಸಂಜೆ ಜೊತೆಗೆ ನಡೆಯುವುದು ಯಾರದಾದರೂ ಪಾಲಿಗೆ. ಹಬ್ಬದ ದಿನ ಹೋಳಿಗೆ ತಿನ್ನಬೇಕೆಂದಿದ್ದರೆ ಒಂದು ಹೋಳಿಗೆಯನ್ನು ಎಲ್ಲರೆದುರು ಕೂತು ತಿಂದು, ಆ ಹೊತ್ತಿನ ರೊಟ್ಟಿಯನ್ನೋ ಅನ್ನವನ್ನೋ ಕಡಿಮೆ ಮಾಡುವುದು, ಕದ್ದು ಮೂರು ತಿನ್ನುವುದಕ್ಕಿಂತ ಎಷ್ಟೋ ಲೇಸು. ರೋಜಾ ಹಿಡಿಯುವವರು, ಶ್ರಾವಣ ಸೋಮವಾರ ಮಾಡುವವರು ಮೊದಲೇ ಡಾಕ್ಟರಿಗೆ ಹೇಳಿ ಗುಳಿಗೆಯ ಹೊತ್ತು ಬದಲಿಸಿಕೊಳ್ಳಬೇಕು. ಹೇಳಿದರೆ ಬೈಯುತ್ತಾರೆ ಎಂದು ಮುಚ್ಚಿಟ್ಟು ಉಪವಾಸ ಹಿಡಿದರೆ ಅಪಾಯ.

ತೀರ ಬೇಸತ್ತವರಿಗೆ ಒಂದು ಬಿಡುವೂ ಇದೆ. ಎರಡು ವಾರ ಒಂದೇ ಒಂದು ಕೆಲಸ ಹಿಡಿಯುವುದು. ಗುಳಿಗೆ ತಪ್ಪಿಸುವುದಿಲ್ಲ, ಅಷ್ಟೇ. ತೂಕ, ವಾಕಿಂಗ್, ಲೆಕ್ಕ ಎಲ್ಲ ಆಮೇಲೆ. ಇದನ್ನು ಡಾಕ್ಟರಿಗೆ ತಿಳಿಸಿ ಮಾಡಬೇಕು, ಮತ್ತು ಇನ್ಸುಲಿನ್‌ಗೆ ಈ ರಜೆ ಅನ್ವಯಿಸುವುದಿಲ್ಲ. ಟೈಪ್-1 ಇರುವವರು ಇನ್ಸುಲಿನ್ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ರಕ್ತ ಆಮ್ಲವಾಗಿ ಜೀವಕ್ಕೆ ಬರುತ್ತದೆ.

ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆಯಿಲ್ಲ, ಬದುಕೇ ಬೇಡ ಎನ್ನಿಸಿದರೆ ಅದು ಬರೀ ಬ್ಯಾಸರಕಿ ಅಲ್ಲ, ಚಿಕಿತ್ಸೆ ಬೇಕಾದ ಖಿನ್ನತೆ. ತಾಲ್ಲೂಕು ಮಟ್ಟದಲ್ಲಿ ಮನಸ್ಸಿನ ಚಿಕಿತ್ಸೆ ಸಿಗಬೇಕೆಂಬ ಯೋಚನೆಗೆ ನಮ್ಮ ಸೀಮೆಯಲ್ಲೇ ಬೇರಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ಶುರುವಾದ ಕೇಂದ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸಲೆಂದೇ ಹುಟ್ಟಿದ್ದು. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಆದರೆ ಸಕ್ಕರೆಯ ಚೀಟಿ ಒಂದು ಕೋಣೆಯಲ್ಲಿ, ಮನಸ್ಸಿನ ಚೀಟಿ ಇನ್ನೊಂದು ಕೋಣೆಯಲ್ಲಿ. ‘ಹುಚ್ಚರ ಡಾಕ್ಟರ್’ ಕೋಣೆಯ ಮುಂದೆ ಕೂರಲು ಸಕ್ಕರೆಯವರು ಒಪ್ಪುವುದಿಲ್ಲ. ಮೊದಲ ಕೋಣೆಯಲ್ಲೇ ಒಂದು ಪ್ರಶ್ನೆ ಕೇಳಿದರೆ ಎಷ್ಟೋ ಜನಕ್ಕೆ ಎರಡನೆಯ ಕೋಣೆ ಬೇಕಾಗುವುದಿಲ್ಲ ಎಂದು ನನಗೆ ಅನ್ನಿಸಿದ್ದು ಅತ್ತೆಯ ವಿಷಯದಲ್ಲಿ.

ಎಳ್ಳ ಅಮಾವಾಸ್ಯೆ ಕಳೆದು ಹದಿನೈದು ದಿನಕ್ಕೆ ಅವಳನ್ನು ಕರೆದುಕೊಂಡು ಹೋದೆ. ಆ ಹೊತ್ತಿಗೆ ಎಚ್‌ಬಿಎ1ಸಿ 9.4. ಬೈಗುಳಕ್ಕೆ ಇಬ್ಬರೂ ತಯಾರಾಗಿದ್ದೆವು. ಎಳೆಯ ಡಾಕ್ಟರಮ್ಮ ಚೀಟಿ ನೋಡಿ ಪಕ್ಕಕ್ಕಿಟ್ಟು, ‘ಅಮ್ಮಾ, ಇದ್ರಾಗ ನಿಮಗ ಎಲ್ಲಕ್ಕಿಂತ ತ್ರಾಸ ಆಗೂದು ಯಾವ್ದು?’ ಅಂತ ಕೇಳಿದಳು. ಅತ್ತೆ ನನ್ನ ಮುಖ ನೋಡಿದಳು. ಆಮೇಲೆ ಹೇಳತೊಡಗಿದಳು.

ರಾತ್ರಿಯ ಗುಳಿಗೆಯನ್ನು ಊಟಕ್ಕೆ ಮುಂಚೆ, ಎಂಟಕ್ಕೆ ತಗೋ ಎಂದು ಯಾರೋ ಹೇಳಿದ್ದರು. ಅವಳು ಎಂಟಕ್ಕೇ ತಗೊಳ್ಳುತ್ತಿದ್ದಳು. ಆದರೆ ಮಾವ ಅಂಗಡಿ ಮುಚ್ಚಿ ಬರುವುದು ಹತ್ತಕ್ಕೆ. ಗಂಡಸರು ಉಂಡ ಮೇಲೆ ಅವಳ ಊಟ, ಮದುವೆಯಾದಾಗಿನಿಂದ. ಒಂಬತ್ತೂವರೆಯ ಹೊತ್ತಿಗೆ ಕೈ ನಡುಗುವುದು, ಮೈಯೆಲ್ಲ ಬೆವರು, ಎದೆ ಡವಡವ, ಕಣ್ಣಿಗೆ ಕತ್ತಲೆ. ಸಾವು ಬಂತೆಂದು ಹೆದರಿ ಕತ್ತಲಲ್ಲೇ ಅಡುಗೆಮನೆಗೆ ಹೋಗಿ ಕೈಗೆ ಸಿಕ್ಕ ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಮೊಮ್ಮಗ ನೋಡಿಬಿಟ್ಟ. ಗುಳಿಗೆ ತಿಂದರೆ ಸಾವಿನ ಭಯ, ಬೆಲ್ಲ ತಿಂದರೆ ಕಳ್ಳಿ. ಅದಕ್ಕೆ ಗುಳಿಗೆಯನ್ನೇ ಬಿಟ್ಟಳು.

‘ಬೆಲ್ಲ ತಿಂದದ್ದು ಬರೋಬ್ಬರಿ ಮಾಡೀರಿ’ ಅಂದಳು ಡಾಕ್ಟರಮ್ಮ. ರಕ್ತದ ಸಕ್ಕರೆ 70ರ ಕೆಳಗೆ ಇಳಿದಾಗ ಹಾಗಾಗುತ್ತದೆ, ಆಗ ಮೂರು ಚಮಚ ಸಕ್ಕರೆಯನ್ನೋ ಅಷ್ಟೇ ಬೆಲ್ಲವನ್ನೋ ತಿಂದು ಹದಿನೈದು ನಿಮಿಷ ಕೂರಬೇಕು, ಕಡಿಮೆಯಾಗದಿದ್ದರೆ ಮತ್ತೊಮ್ಮೆ ತಿನ್ನಬೇಕು, ಆಮೇಲೆ ಊಟ ಮಾಡಬೇಕು ಎಂದು ವಿವರಿಸಿದಳು. ಗುಳಿಗೆಯ ಪ್ರಮಾಣ ಇಳಿಸಿ, ಗಂಗಾಳ ಮುಂದೆ ಬಂದ ಮೇಲೆಯೇ ಬಾಯಿಗೆ ಹಾಕಬೇಕೆಂದು ಬರೆದುಕೊಟ್ಟಳು. ಅತ್ತೆ ಹೊರಗೆ ಬಂದು ಬೇವಿನ ಮರದ ಕೆಳಗೆ ಬಹಳ ಹೊತ್ತು ಕೂತಳು.

ಈಗ ಆ ಮನೆಯಲ್ಲಿ ರಾತ್ರಿ ಎಂಟಕ್ಕೆ ಮೊದಲ ಗಂಗಾಳ ಅತ್ತೆಯದು. ಮಾವ ಮೊದಮೊದಲು ಏನೂ ಅನ್ನಲಿಲ್ಲ, ಆದರೆ ಎರಡು ವಾರ ಬಿಗುವಿನಿಂದಲೇ ಉಂಡರು. ಮೂರನೆಯ ವಾರ ಅಂಗಡಿಯನ್ನು ಎಂಟಕ್ಕೇ ಮುಚ್ಚಿ ಬರತೊಡಗಿದರು. ಒಬ್ಬರೇ ಉಣ್ಣಲು ಬೇಸರವಂತೆ. ಅತ್ತೆಯ ನಂಬರು ಈ ಸಲ 7.9. ಬೆಲ್ಲದ ಡಬ್ಬಿ ಕೆಳಗಿನ ಹಲಗೆಗೆ ಇಳಿದಿದೆ. ಅದು ಖಾಲಿಯಾಗದಂತೆ ನೋಡಿಕೊಳ್ಳುವ ಕೆಲಸ ಮೊಮ್ಮಗನದು.